ತೂಕ ನಿಂತ ಗೆಂಡೆ, ಕೊಬ್ಬು ತುಂಬಿದ ಹೊಟ್ಟೆ: ಖನಿಜದ ಕೊರತೆ ಪತ್ತೆ ಹಚ್ಚುವ ಕ್ರಮ

ಸಿಂಧನೂರು, ಕಾರಟಗಿ, ಗಂಗಾವತಿ, ಸಿರಗುಪ್ಪ ಸುತ್ತಲಿನ ಕಾಲುವೆ ನೀರಿನ ಹೊಂಡಗಳಿಂದ ಒಂದೇ ಬಗೆಯ ದೂರು ಮತ್ತೆ ಮತ್ತೆ ಬರುತ್ತದೆ. ರೋಹು ಅರ್ಧ ಕಿಲೋದ ಹತ್ತಿರ ಬಂದು ನಿಂತಿದೆ, ಮೇವು ಮಾತ್ರ ಮೊದಲಿನಂತೆಯೇ ಖಾಲಿಯಾಗುತ್ತಿದೆ, ಕೊಯ್ದು ನೋಡಿದರೆ ಹೊಟ್ಟೆಯ ತುಂಬ ಬಿಳಿ ಕೊಬ್ಬು. ದೂರು ಅಂಗಡಿಯ ಬಾಗಿಲು ತಲುಪುವಷ್ಟರಲ್ಲಿ ಉತ್ತರವೂ ಸಿದ್ಧವಾಗಿರುತ್ತದೆ: ಖನಿಜ ಮಿಶ್ರಣದ ಒಂದು ಚೀಲ.

ಖನಿಜದ ಕೊರತೆ ನಿಜವೇ ಇರಬಹುದು. ಆದರೆ ಭತ್ತದ ಸೀಮೆಯಲ್ಲಿ ತೌಡು ತಿಂದು ಬೆಳೆಯುವ ಗೆಂಡೆಗೆ (ರೋಹು, ಕಾಟ್ಲಾ, ಮೃಗಾಲ್‌ನಂಥ ಮೀನುಗಳಿಗೆ) ಎದುರಾಗುವ ಕೊರತೆಯ ಬಗೆ ಬೇರೆ. ಮೇವಿನಲ್ಲಿ ಖನಿಜ ಬೇಕಾದಷ್ಟಿರುತ್ತದೆ. ಅದನ್ನು ಬಿಡಿಸಿಕೊಳ್ಳುವ ಶಕ್ತಿ ಮೀನಿನ ಕರುಳಿಗೆ ಇರುವುದಿಲ್ಲ. ಯಾವ ಖನಿಜ, ಯಾವ ರೂಪದಲ್ಲಿ ಎಂದು ತಿಳಿಯದೆ ಚೀಲ ಸುರಿದರೆ ಒಂದು ಕೊರತೆಯ ಮೇಲೆ ಇನ್ನೊಂದನ್ನು ತಂದು ಕೂರಿಸಿದಂತಾಗುತ್ತದೆ.

ಮೊದಲು ತೂಗಿ, ಅಳೆಯಿರಿ

ಬೆಳವಣಿಗೆ ನಿಂತಿದೆ ಎಂಬುದು ಕಣ್ಣಂದಾಜಿನ ಮಾತಾಗಬಾರದು. ಬಲೆ ಎಳೆದು ಪ್ರತಿ ಜಾತಿಯಲ್ಲೂ ಕನಿಷ್ಠ 30 ಮೀನು ತೂಗಿ ಸರಾಸರಿ ಬರೆದಿಡಿ. ದೊಡ್ಡದನ್ನೇ ಆರಿಸಿ ತಕ್ಕಡಿಗೆ ಹಾಕುವ ಚಪಲ ಎಲ್ಲರಿಗೂ ಇರುತ್ತದೆ. ಬಲೆಯ ಒಂದು ಮೂಲೆಗೆ ಬಂದದ್ದನ್ನೆಲ್ಲ ತೂಗಿದರೆ ಅದು ತಪ್ಪುತ್ತದೆ. ಜೊತೆಗೆ ಉದ್ದವನ್ನೂ ಅಳೆಯಿರಿ. ಗ್ರಾಂ ಲೆಕ್ಕದ ತೂಕವನ್ನು 100ರಿಂದ ಗುಣಿಸಿ, ಸೆಂಟಿಮೀಟರ್ ಲೆಕ್ಕದ ಉದ್ದದ ಘನದಿಂದ ಭಾಗಿಸಿ. 480 ಗ್ರಾಂ ತೂಗುವ, 32 ಸೆಂಟಿಮೀಟರ್ ಉದ್ದದ ಮೀನಿಗೆ ಇದು ಸುಮಾರು 1.46 ಬರುತ್ತದೆ. ಈ ಸಂಖ್ಯೆಯನ್ನು ಪಕ್ಕದವರ ಹೊಂಡಕ್ಕೆ ಹೋಲಿಸಬೇಡಿ. ನಿಮ್ಮದೇ ಹೊಂಡದಲ್ಲಿ, ಅದೇ ಜಾತಿಯಲ್ಲಿ, ತಿಂಗಳಿನಿಂದ ತಿಂಗಳಿಗೆ ಹೇಗೆ ಸಾಗುತ್ತಿದೆ ಎಂದು ನೋಡಿ. ಉದ್ದ ನಿಂತಲ್ಲೇ ನಿಂತು ಈ ಸಂಖ್ಯೆ ಏರುತ್ತಿದ್ದರೆ ಮೀನು ಬೆಳೆಯುತ್ತಿಲ್ಲ, ಕೊಬ್ಬುತ್ತಿದೆ. ಉದ್ದವೂ ನಿಂತು ಈ ಸಂಖ್ಯೆಯೂ ಇಳಿಯುತ್ತಿದ್ದರೆ ಅದು ಹಸಿವೋ ರೋಗವೋ ಇರಬೇಕು. ಅದಕ್ಕೆ ಖನಿಜದ ಚೀಲ ಮದ್ದಲ್ಲ.

ಖನಿಜವಲ್ಲದ ಕಾರಣಗಳನ್ನು ತಳ್ಳಿಹಾಕಿ

ಬೆಳಗಿನ ಜಾವ, ಸೂರ್ಯ ಹುಟ್ಟುವ ಮೊದಲು ನೀರಿನ ಆಮ್ಲಜನಕ ನೋಡಿ. ಅದು ದಿನವೂ ಲೀಟರಿಗೆ 3 ಮಿಲಿಗ್ರಾಂಗಿಂತ ಕೆಳಗಿಳಿಯುತ್ತಿದ್ದರೆ ಮೀನಿನ ಹಸಿವು ಕುಗ್ಗುತ್ತದೆ, ತಿಂದದ್ದೂ ಮೈಗೆ ಹತ್ತುವುದಿಲ್ಲ. ಪಿಎಚ್ ಅನ್ನು ಮಾತ್ರ ಮಧ್ಯಾಹ್ನ ಅಳೆಯಬೇಕು, ಏಕೆಂದರೆ ಪಾಚಿ ತುಂಬಿದ ಹೊಂಡದಲ್ಲಿ ಅದು ಆಗಲೇ ಗರಿಷ್ಠ ಮುಟ್ಟುತ್ತದೆ. ಎರೆಮಣ್ಣಿನ ಹೊಂಡಗಳ ಪಿಎಚ್ ಸಾಮಾನ್ಯವಾಗಿ 8ರ ಮೇಲೆಯೇ ಇರುತ್ತದೆ. ಬಿಸಿಲೇರಿದಾಗ 9 ದಾಟುವುದೂ ಉಂಟು. ನೀರು 30 ಡಿಗ್ರಿ ಇದ್ದಾಗ, ಪಿಎಚ್ 8ರಲ್ಲಿ ಒಟ್ಟು ಅಮೋನಿಯಾದ ಶೇ 7–8ರಷ್ಟು ಮಾತ್ರ ವಿಷರೂಪದಲ್ಲಿದ್ದರೆ ಪಿಎಚ್ 9ರಲ್ಲಿ ಹತ್ತಿರ ಹತ್ತಿರ ಅರ್ಧ ಭಾಗ ವಿಷವಾಗುತ್ತದೆ. ಬೇಸಿಗೆಯಲ್ಲಿ ಕಾಲುವೆ ನಿಂತು ಹೊಂಡದ ನೀರು ಇಳಿದಾಗ ಬೆಳವಣಿಗೆ ಕುಂಠಿತವಾದರೆ ಮೊದಲ ಅನುಮಾನ ಇದರ ಮೇಲಿರಲಿ. ಡಿಸೆಂಬರ್–ಜನವರಿಯಲ್ಲಿ ನೀರು ತಣ್ಣಗಾದಾಗ ಮೀನು ನಿಧಾನವಾಗುವುದು ದೋಷವೇ ಅಲ್ಲ. ಗೆಂಡೆಗಳು ಚೆನ್ನಾಗಿ ಬೆಳೆಯುವುದು 25ರಿಂದ 32 ಡಿಗ್ರಿಯೊಳಗೆ.

ಮೈಮೇಲೆ ಮೀನುಹೇನು ಇದೆಯೇ ಎಂದು ರೆಕ್ಕೆಗಳ ಬುಡದಲ್ಲಿ, ಕಿವಿರು ಮುಚ್ಚಳದ ಸುತ್ತ ನೋಡಿ. ಆಮೇಲೆ ಶೇಂಗಾ ಹಿಂಡಿಯನ್ನು ಮೂಸಿ, ಮುರಿದು ನೋಡಿ. ಮಳೆಗಾಲದಲ್ಲಿ ತೇವ ಹಿಡಿದ ಗೋದಾಮಿನಿಂದ ಬಂದ ಹಿಂಡಿಯ ಒಳಪದರದಲ್ಲಿ ಹಸಿರು ಬೂಷ್ಟು ಕಂಡರೆ ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷ ಇರುವ ಸಾಧ್ಯತೆ ಹೆಚ್ಚು. ಅದು ಯಕೃತ್ತನ್ನು ಕೆಡಿಸಿ ಬೆಳವಣಿಗೆಯನ್ನು ತಗ್ಗಿಸುವ ರೀತಿ ಮೇಲ್ನೋಟಕ್ಕೆ ಖನಿಜ ಕೊರತೆಯಂತೆಯೇ ಕಾಣುತ್ತದೆ. ಅಂಥ ಹಿಂಡಿಗೆ ಯಾವ ಖನಿಜವೂ ಪರಿಹಾರವಲ್ಲ. ಹೊರಗೆ ಎಸೆಯಿರಿ, ಎಮ್ಮೆಗೂ ಹಾಕಬೇಡಿ.

ಕೊಯ್ದು ನೋಡುವ ಪರೀಕ್ಷೆ

ಪ್ರಯೋಗಾಲಯಕ್ಕೆ ಹೋಗುವ ಮೊದಲು ಚಾಕು ಸಾಕು. ನಿಮ್ಮ ಹೊಂಡದಿಂದ ಒಂದೇ ಗಾತ್ರದ ನಾಲ್ಕೈದು ರೋಹು ಹಿಡಿಯಿರಿ. ಮೇವು ಹಾಕದ ಊರ ಕೆರೆಯಿಂದಲೋ ತುಂಗಭದ್ರಾ ಹಿನ್ನೀರಿನಿಂದಲೋ ಬಂದ, ಅದೇ ಗಾತ್ರದ ರೋಹುಗಳನ್ನೂ ಮಾರುಕಟ್ಟೆಯಿಂದ ತನ್ನಿ. ಈ ಹೋಲಿಕೆಯಿಲ್ಲದೆ ಮುಂದಿನ ಯಾವುದೂ ಅರ್ಥವಾಗುವುದಿಲ್ಲ.

ಹೊಟ್ಟೆ ಸೀಳಿ ಕರುಳಿನ ಸುತ್ತಲಿನ ಕೊಬ್ಬು ನೋಡಿ. ಮೇವು ತಿಂದ ಮೀನಿನಲ್ಲಿ ಅದು ಕೆರೆ ಮೀನಿಗಿಂತ ಹೆಚ್ಚಿರುವುದು ಸಹಜ. ಕೊಬ್ಬಿನ ಪದರದಲ್ಲಿ ಕರುಳೇ ಕಾಣದಂತಾಗಿದ್ದರೆ ಅದು ಸಹಜವಲ್ಲ. ಆಮೇಲೆ ಎರಡೂ ಬಗೆಯ ಮೀನುಗಳನ್ನು ಬೇರೆ ಬೇರೆ ಪಾತ್ರೆಯಲ್ಲಿ ಒಂದೇ ಹೊತ್ತು ಬೇಯಿಸಿ, ಮಾಂಸ ಬಿಡಿಸಿ, ಬೆನ್ನೆಲುಬು ಮತ್ತು ಪಕ್ಕೆಲುಬುಗಳನ್ನು ತೊಳೆದು ಬಿಳಿ ಬಟ್ಟೆಯ ಮೇಲೆ ಹರಡಿ. ಪಕ್ಕೆಲುಬನ್ನು ಬೆರಳಿನಿಂದ ಬಾಗಿಸಿ. ಕೆರೆ ಮೀನಿನದು ಚಟ್ಟನೆ ಮುರಿದು ನಿಮ್ಮದು ರಬ್ಬರಿನಂತೆ ಬಾಗಿದರೆ, ಪಕ್ಕೆಲುಬು ಸೊಟ್ಟಾಗಿದ್ದರೆ, ಹಣೆಯ ಮೂಳೆ ಒಳಗೆ ಕುಸಿದಂತೆ ಅಥವಾ ಉಬ್ಬಿದಂತೆ ಇದ್ದರೆ ಗುರುತು ಹಾಕಿಕೊಳ್ಳಿ.

ಕೊಬ್ಬು ಹೆಚ್ಚು, ಮೂಳೆ ಗಟ್ಟಿ: ಮೇವಿನಲ್ಲಿ ಶಕ್ತಿ ಹೆಚ್ಚು, ಪ್ರೋಟೀನ್ ಕಡಿಮೆ. ಎಣ್ಣೆ ತೆಗೆಯದ ತೌಡಿನಲ್ಲಿ ಶೇ 15–20ರಷ್ಟು ಎಣ್ಣೆ ಇರುತ್ತದೆ. ಅಗ್ಗವೆಂದು ಅದನ್ನೇ ಹೆಚ್ಚಿಸುತ್ತ ಹೋದ ಹೊಂಡಗಳ ಕಥೆ ಇದು. ಎಣ್ಣೆ ತೆಗೆದ ತೌಡಿಗೆ ಬದಲಾಯಿಸಿ ಹಿಂಡಿಯ ಪಾಲು ಏರಿಸುವುದೇ ಮದ್ದು. ಕೊಬ್ಬು ಹೆಚ್ಚು, ಮೂಳೆ ಮೆತ್ತಗೆ: ರಂಜಕದ, ಅಂದರೆ ಫಾಸ್ಫರಸ್‌ನ ಕೊರತೆ. ಈ ಎರಡನ್ನು ಬೇರ್ಪಡಿಸುವುದರಲ್ಲೇ ಇಡೀ ತಪಾಸಣೆಯ ತಿರುಳಿದೆ. ಹೆಚ್ಚಿನವರು ಕೊಬ್ಬು ಕಂಡ ಕೂಡಲೇ ಮೇವು ಕಡಿತ ಮಾಡುತ್ತಾರೆ. ಎರಡನೆಯ ಸಂದರ್ಭದಲ್ಲಿ ಅದರಿಂದ ಇರುವ ಚೂರುಪಾರು ರಂಜಕವೂ ಮೀನಿಗೆ ತಪ್ಪಿಹೋಗುತ್ತದೆ.

ರಂಜಕ: ಮೇವಿನಲ್ಲಿದ್ದೂ ಇಲ್ಲದಂತೆ

ರಂಜಕ ಕಡಿಮೆಯಾದರೆ ಮೂಳೆ ಮೆತ್ತಗಾಗುವುದು ಸರಿ, ಕೊಬ್ಬು ಏಕೆ ಹೆಚ್ಚುತ್ತದೆ? ಕೊಬ್ಬನ್ನು ಉರಿಸಿ ಶಕ್ತಿ ಪಡೆಯುವ ಜೀವಕೋಶದ ವ್ಯವಸ್ಥೆ ರಂಜಕವನ್ನು ಅವಲಂಬಿಸಿದೆ. ಅದು ಸಾಲದಾದಾಗ ಕೊಬ್ಬು ಕರಗದೆ ಮೈಯಲ್ಲೇ ಉಳಿಯುತ್ತದೆ, ಶಕ್ತಿಗಾಗಿ ಮೀನು ಪ್ರೋಟೀನನ್ನೇ ಒಡೆಯುತ್ತದೆ. ಆದ್ದರಿಂದ ಮೀನಿನ ದೇಹ ಸಂಯೋಜನೆಯನ್ನು ಪರೀಕ್ಷಿಸಿದಾಗ ಕೊಬ್ಬು ಏರಿ, ನೀರಿನಂಶ ಇಳಿದು, ಬೂದಿಯಂಶ (ಸುಟ್ಟ ಮೇಲೆ ಉಳಿಯುವ ಖನಿಜದ ಪಾಲು) ತಗ್ಗಿರುವುದು ಕಾಣುತ್ತದೆ. ತಕ್ಕಡಿಯ ಮೇಲೆ ತೂಕ ಇರುತ್ತದೆ, ಕೊಂಡವರ ತಟ್ಟೆಯಲ್ಲಿ ಮಾಂಸ ಇರುವುದಿಲ್ಲ.

ಕ್ಯಾಲ್ಸಿಯಮ್ಮನ್ನು ಮೀನು ಕಿವಿರುಗಳ ಮೂಲಕ ನೀರಿನಿಂದಲೇ ಹೀರಿಕೊಳ್ಳಬಲ್ಲದು. ಎರೆಭೂಮಿಯ ನೀರಿನಲ್ಲಿ ಅದಕ್ಕೆ ಬರವಿಲ್ಲ, ಹಾಗಾಗಿ ಇಲ್ಲಿ ಮೇವಿಗೆ ಕ್ಯಾಲ್ಸಿಯಂ ಸೇರಿಸುವುದು ಹಣ ನೀರಿಗೆ ಹಾಕಿದಂತೆಯೇ. ರಂಜಕದ ಸ್ಥಿತಿ ತದ್ವಿರುದ್ಧ. ನೀರಿನಲ್ಲಿ ಅದು ತೀರ ಅಲ್ಪ. ಹೊರಗಿನಿಂದ ಹಾಕಿದ್ದೂ ಪಿಎಚ್ ಹೆಚ್ಚಿರುವ ಸುಣ್ಣದ ಮಣ್ಣಿನಲ್ಲಿ ಬೇಗ ಕಟ್ಟಿಹೋಗುತ್ತದೆ. ಭತ್ತದ ಗದ್ದೆಗೆ ರಂಜಕ ಹಾಕಿ ಫಲ ಕಾಣದ ರೈತರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಮೀನಿಗೆ ಅದು ಮೇವಿನಿಂದಲೇ ಬರಬೇಕು.

ಸಾಮಾನ್ಯ ಗೆಂಡೆಗೆ ಮೇವಿನ ಶೇ 0.6ರಿಂದ 0.7ರಷ್ಟು ರಂಜಕ ಬೇಕು. ರೋಹು, ಕಾಟ್ಲಾಗಳಿಗೂ ಇದರ ಆಸುಪಾಸಿನಲ್ಲೇ ಲೆಕ್ಕ ಹಿಡಿಯಬಹುದು. ಈ ಅಂಕಿ ಮೈಗೆ ದಕ್ಕುವ ರಂಜಕದ್ದು, ಮೇವಿನ ಚೀಲದ ಮೇಲೆ ಮುದ್ರಿಸಿದ ಒಟ್ಟು ರಂಜಕದ್ದಲ್ಲ. ಒಂದು ಲೆಕ್ಕ ನೋಡಿ. 60 ಕಿಲೋ ತೌಡಿಗೆ 40 ಕಿಲೋ ಶೇಂಗಾ ಹಿಂಡಿ. ತೌಡಿನಲ್ಲಿ ಶೇ 1.5, ಹಿಂಡಿಯಲ್ಲಿ ಶೇ 0.6 ರಂಜಕವೆಂದು ಹಿಡಿದರೆ 100 ಕಿಲೋ ಮಿಶ್ರಣದಲ್ಲಿ 1.14 ಕಿಲೋ ರಂಜಕ. ಕಾಗದದ ಮೇಲೆ ಬೇಕಾದ್ದರ ಒಂದೂವರೆ ಪಟ್ಟಿಗೂ ಹೆಚ್ಚು. ಆದರೆ ತೌಡಿನ ರಂಜಕದಲ್ಲಿ ಬಹುಪಾಲು ಫೈಟೇಟ್ ಎಂಬ ರೂಪದಲ್ಲಿ ಬೀಗ ಹಾಕಿಕೊಂಡಿದೆ. ಅದನ್ನು ಒಡೆಯುವ ಕಿಣ್ವ ಮೀನಿನ ಕರುಳಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಒಟ್ಟಿನ ಮೂರರಲ್ಲೊಂದು ಪಾಲು ದಕ್ಕಿತೆಂದು ಉದಾರವಾಗಿ ಎಣಿಸಿದರೂ ಕೈಗೆ ಬರುವುದು ಶೇ 0.38. ಸುಮಾರು ಶೇ 0.3ರ ಕೊರತೆ ಉಳಿಯಿತು.

ಹೊಂಡದಲ್ಲಿ ಪ್ಲವಕ (ನೀರಿನಲ್ಲಿ ತೇಲುವ ಸೂಕ್ಷ್ಮ ಜೀವಿಗಳು), ಹುಳುಹುಪ್ಪಟೆ ಚೆನ್ನಾಗಿದ್ದರೆ ಈ ಕೊರತೆಯನ್ನು ಅವೇ ತುಂಬುತ್ತವೆ. ಎಕರೆಗೆ ಮಿತವಾಗಿ ಮರಿ ಬಿಟ್ಟು ಸಗಣಿ ಗೊಬ್ಬರ ಹಾಕುವ ಹೊಂಡಗಳಲ್ಲಿ ಈ ದೂರು ಅಪರೂಪವಾಗಿರುವುದು ಅದಕ್ಕೇ. ಮರಿಗಳ ಸಂಖ್ಯೆ ಹೆಚ್ಚಿಸಿ ಎಲ್ಲವನ್ನೂ ಚೀಲದ ಮೇವಿನ ಮೇಲೆ ಹೇರಿದ ಹೊಂಡದಲ್ಲಿ, ಅದರಲ್ಲೂ ಮೀನು ದೊಡ್ಡದಾಗಿ ಪ್ಲವಕ ಸಾಲದಾದ ಮೇಲೆ, ಕೊರತೆ ಬಯಲಾಗುತ್ತದೆ.

ಡಿಸಿಪಿ ಹಾಕಿದರೂ ಸರಿಹೋಗದಿದ್ದರೆ

ಅಂಗಡಿಯಲ್ಲಿ ಸುಲಭವಾಗಿ ಸಿಗುವುದು ಹಸು, ಕೋಳಿಗೆಂದು ತರಿಸಿದ ಡೈಕ್ಯಾಲ್ಸಿಯಂ ಫಾಸ್ಫೇಟ್, ಅಂದರೆ ಡಿಸಿಪಿ. ಅದನ್ನು ತಿಂಗಳುಗಟ್ಟಲೆ ಹಾಕಿಯೂ ಫಲ ಕಾಣದವರು ಖನಿಜದ ಮಾತೇ ಸುಳ್ಳೆಂದು ಕೈಬಿಡುತ್ತಾರೆ. ಕಾರಣ ಮೀನಿನ ದೇಹರಚನೆಯಲ್ಲಿದೆ. ಸಾಮಾನ್ಯ ಗೆಂಡೆ, ರೋಹು, ಕಾಟ್ಲಾ, ಮೃಗಾಲ್ ಇವುಗಳಿಗೆ ನಮಗಿರುವಂಥ ಜಠರವಿಲ್ಲ. ತಿಂದದ್ದು ಆಮ್ಲದ ಸೋಂಕಿಲ್ಲದೆ ನೇರ ಕರುಳಿಗಿಳಿಯುತ್ತದೆ. ಆಮ್ಲವಿಲ್ಲದೆ ಕರಗದ ರಂಜಕ ಅವಕ್ಕೆ ದಕ್ಕುವುದಿಲ್ಲ. ಸಾಮಾನ್ಯ ಗೆಂಡೆಯ ಮೇಲೆ ಜಪಾನಿನಲ್ಲಿ 1970ರ ದಶಕದಲ್ಲಿ ನಡೆದ ಪ್ರಯೋಗಗಳಲ್ಲಿ ಮೊನೊಕ್ಯಾಲ್ಸಿಯಂ ಫಾಸ್ಫೇಟಿನ ರಂಜಕ ಶೇ 94ರಷ್ಟು, ಡಿಸಿಪಿಯದು ಶೇ 46ರಷ್ಟು, ಟ್ರೈಕ್ಯಾಲ್ಸಿಯಂ ಫಾಸ್ಫೇಟಿನದು ಕೇವಲ ಶೇ 13ರಷ್ಟು ದಕ್ಕಿತ್ತು. ಮೂಳೆಪುಡಿಯಲ್ಲೂ ಮೀನುಪುಡಿಯ ಮುಳ್ಳಿನಲ್ಲೂ ಇರುವುದು ಈ ಕೊನೆಯ ಬಗೆಯದೇ. ಆದ್ದರಿಂದ ‘ಮೀನುಪುಡಿ ಹಾಕುತ್ತಿದ್ದೇನೆ, ರಂಜಕ ಸಾಕಷ್ಟಿದೆ’ ಎಂಬ ವಾದ ಗೆಂಡೆಯ ಹೊಂಡದಲ್ಲಿ ನಿಲ್ಲುವುದಿಲ್ಲ.

ಪಂಗಾಸಿಯಸ್, ರೂಪ್‌ಚಂದ್, ತಿಲಾಪಿಯಾಗಳಿಗೆ ಆಮ್ಲ ಸ್ರವಿಸುವ ಜಠರವಿದೆ. ಒಂದೇ ಹೊಂಡದಲ್ಲಿ ಒಂದೇ ಮೇವು ತಿಂದು ರೂಪ್‌ಚಂದ್ ಚೆನ್ನಾಗಿದ್ದು ರೋಹು ಮಾತ್ರ ಹಿಂದುಳಿದರೆ, ಅದನ್ನೂ ರಂಜಕದ ಕಡೆಯ ಸಾಕ್ಷಿಯೆಂದು ಪರಿಗಣಿಸಬಹುದು. ರೂಪ್‌ಚಂದ್ ಮುನ್ನುಗ್ಗಿ ಹೆಚ್ಚು ತಿನ್ನುವ ಮೀನಾದ್ದರಿಂದ ಇದೊಂದನ್ನೇ ನಂಬಿ ತೀರ್ಪು ಕೊಡುವಂತಿಲ್ಲ.

ಮೇಲಿನ ಶೇ 0.3ರ ಕೊರತೆ ತುಂಬಲು 100 ಕಿಲೋ ಮೇವಿಗೆ 300 ಗ್ರಾಂ ದಕ್ಕುವ ರಂಜಕ ಬೇಕು. ಮೊನೊಕ್ಯಾಲ್ಸಿಯಂ ಫಾಸ್ಫೇಟ್, ಅಂಗಡಿಯ ಮಾತಿನಲ್ಲಿ ಎಂಸಿಪಿ, ಸುಮಾರು ಶೇ 22 ರಂಜಕ ಹೊಂದಿದೆ. ಒಂದೂವರೆ ಕಿಲೋ ಸಾಕು. ಶೇ 18 ರಂಜಕದ ಡಿಸಿಪಿಯಾದರೆ 3.6 ಕಿಲೋ ಬೇಕಾಗುತ್ತದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹಿಕ್ಕೆಯಾಗಿ ಹೊಂಡದ ತಳ ಸೇರುತ್ತದೆ, ಜೊತೆಗೆ ಬೇಡದ ಕ್ಯಾಲ್ಸಿಯಂ ಕರುಳಿಗಿಳಿಯುತ್ತದೆ. ಎಂಸಿಪಿಯ ದರ ಕಿಲೋ ಲೆಕ್ಕದಲ್ಲಿ ಹೆಚ್ಚೆಂದು ಕಂಡರೂ ದಕ್ಕುವ ರಂಜಕದ ಲೆಕ್ಕದಲ್ಲಿ ಹೋಲಿಸಿ. ಪ್ಲವಕ ಸಾಧಾರಣವಾಗಿರುವ ಹೊಂಡದಲ್ಲಿ 100 ಕಿಲೋಗೆ ಒಂದು ಕಿಲೋದಿಂದ ಆರಂಭಿಸುವುದು ನನ್ನ ಸಲಹೆ.

ಹಾಕುವ ವಿಧಾನವೂ ದೋಷದ ಮೂಲವಾಗಬಹುದು. ತೂತು ಮಾಡಿದ ಚೀಲದಲ್ಲಿ ತೌಡು ತುಂಬಿ ಗಳಕ್ಕೆ ಕಟ್ಟಿ ನೀರಿಗಿಳಿಸುವ ಪದ್ಧತಿಯಲ್ಲಿ, ಒಣಗಿದ್ದಾಗ ಬೆರೆಸಿದ ಎಂಸಿಪಿ ಮೀನಿನ ಬಾಯಿಗಿಂತ ಮೊದಲು ನೀರಿಗೆ ಕರಗುತ್ತದೆ. ಅದರಿಂದ ಪಾಚಿ ಬೆಳೆಯುತ್ತದೆ, ಮೀನಲ್ಲ. ಅಕ್ಕಿನುಚ್ಚಿನ ಗಂಜಿಯಲ್ಲಿ ಕರಗಿಸಿ ತೌಡು–ಹಿಂಡಿಗೆ ನಾದಿ, ಮುದ್ದೆ ಕಟ್ಟಿ ತಟ್ಟೆಯಲ್ಲಿಟ್ಟರೆ ಸೋರಿಕೆ ತಗ್ಗುತ್ತದೆ.

ಫೈಟೇಟಿನ ಬೀಗ ಒಡೆಯುವುದು ಇನ್ನೊಂದು ದಾರಿ. ಫೈಟೇಸ್ ಕಿಣ್ವವನ್ನು ಕೋಳಿ ಮೇವಿನವರು ಬಹಳ ಕಾಲದಿಂದ ಬಳಸುತ್ತಿದ್ದಾರೆ. ಆದರೆ ಅದಕ್ಕೂ ತುಸು ಆಮ್ಲೀಯ ವಾತಾವರಣವೇ ಬೇಕು, ಜಠರವಿಲ್ಲದ ಗೆಂಡೆಯ ಕರುಳಿನಲ್ಲಿ ಅದು ಮಂಕಾಗುತ್ತದೆ. ರೋಹುವಿನ ಮೇಲಿನ ಪ್ರಯೋಗಗಳಲ್ಲಿ ಫೈಟೇಸ್ ಜೊತೆ ಸಿಟ್ರಿಕ್ ಆಮ್ಲ ಕೊಟ್ಟಾಗ ಫಲ ಹೆಚ್ಚಿದ್ದು ಇದೇ ಕಾರಣದಿಂದ. ಹೊಂಡದ ದಂಡೆಯಲ್ಲಿ ಮಾಡಬಹುದಾದದ್ದು ಹೀಗೆ: ಮೇವು ಹಾಕುವ ಹಿಂದಿನ ರಾತ್ರಿ ತೌಡನ್ನು ನೆನೆಸಿ ಕಿಣ್ವ ಬೆರೆಸಿಡುವುದು. ಕಿಣ್ವ ಬೆರೆಸಿದ ಮೇಲೆ ಬೇಯಿಸಿದರೆ ಅದು ಸತ್ತುಹೋಗುತ್ತದೆ.

ಕಣ್ಣು ಮಂಜಾದರೆ, ರೆಕ್ಕೆ ಸವೆದರೆ

ಎರಡೂ ಕಣ್ಣುಗಳ ಮಸೂರ ಬೆಳ್ಳಗಾಗಿ, ರೆಕ್ಕೆಗಳ ಅಂಚು ಸವೆದು, ಬೆಳವಣಿಗೆಯೂ ಕುಂದಿದ್ದರೆ ಸತುವಿನ (ಜಿಂಕ್) ಕಡೆ ನೋಡಿ. ಒಂದೇ ಕಣ್ಣು ಮಂಜಾಗಿದ್ದರೆ ಅದು ಗಾಯವಿರಬೇಕು. ಕಣ್ಣಿನೊಳಗೆ ಸೇರುವ ಚಪ್ಪಟೆ ಹುಳುವಿನ ಮರಿಗಳೂ ಇದೇ ಲಕ್ಷಣ ತೋರುತ್ತವೆ. ಹೊಂಡದಲ್ಲಿ ಬಸವನಹುಳು, ಮೇಲೆ ಮೀನು ಹಿಡಿಯುವ ಹಕ್ಕಿಗಳು ಹೆಚ್ಚಿದ್ದರೆ ಮಸೂರವನ್ನು ಬಿಡಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿಸಬೇಕು.

ಸಾಮಾನ್ಯ ಗೆಂಡೆಗೆ ಕಿಲೋ ಮೇವಿಗೆ 15ರಿಂದ 30 ಮಿಲಿಗ್ರಾಂ ಸತು ಸಾಕು. ತೌಡಿನಲ್ಲೇ ಅಷ್ಟು ಸತು ಇರುತ್ತದೆ. ಇಲ್ಲೂ ಫೈಟೇಟ್ ಅಡ್ಡಿ, ಮತ್ತು ಕ್ಯಾಲ್ಸಿಯಂ ಹೆಚ್ಚಿದಷ್ಟೂ ಫೈಟೇಟ್ ಸತುವನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತದೆ. ಸುಣ್ಣದಪುಡಿ, ಚಿಪ್ಪಿನಪುಡಿ, ಹಸುವಿನ ಖನಿಜ ಮಿಶ್ರಣ ಹಾಕಲು ಆರಂಭಿಸಿದ ಮೇಲೆ ಕಣ್ಣು ಮಂಜಾಗತೊಡಗಿದ್ದರೆ ಅವುಗಳನ್ನು ನಿಲ್ಲಿಸುವುದೇ ಮೊದಲ ಚಿಕಿತ್ಸೆ. ಆಮೇಲೂ ಬೇಕಾದರೆ 100 ಕಿಲೋ ಮೇವಿಗೆ 13–14 ಗ್ರಾಂ ಸತುವಿನ ಸಲ್ಫೇಟ್ ಸಾಕು. ಅದರಿಂದ ಕಿಲೋ ಮೇವಿಗೆ ಸುಮಾರು 30 ಮಿಲಿಗ್ರಾಂ ಸತು ಸೇರುತ್ತದೆ. ಭತ್ತಕ್ಕೆ ಎಕರೆಗೆ 10 ಕಿಲೋ ಜಿಂಕ್ ಎರಚಿ ರೂಢಿಯಾದ ಕೈಗೆ ಈ ಅಳತೆ ನಂಬಲಾಗದಷ್ಟು ಚಿಕ್ಕದು. ಮೊದಲು ಒಂದು ಕಿಲೋ ತೌಡಿಗೆ, ಅದನ್ನು ಹತ್ತು ಕಿಲೋಗೆ, ಕೊನೆಗೆ ನೂರಕ್ಕೆ ಬೆರೆಸಿ. ಗದ್ದೆಯ ಜಿಂಕ್ ಚೀಲವನ್ನು ಮಾತ್ರ ಮೇವಿನ ಕೋಣೆಗೆ ತರಬೇಡಿ. ಗೊಬ್ಬರದ ದರ್ಜೆಯದರಲ್ಲಿ ಸೀಸ, ಕ್ಯಾಡ್ಮಿಯಂ ಕಲಬೆರಕೆ ಇರಬಹುದು, ಅವು ಮೀನಿನ ಮೈಯಲ್ಲಿ ಉಳಿದುಬಿಡುತ್ತವೆ. ಸೂಪರ್ ಫಾಸ್ಫೇಟಿಗೂ ಇದೇ ಮಾತು. ಅದರಲ್ಲಿ ಫ್ಲೋರಿನ್ ಇದೆ, ನಮ್ಮ ಜಿಲ್ಲೆಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಈಗಾಗಲೇ ಸಾಕಷ್ಟಿದೆ.

ಉಳಿದ ಖನಿಜಗಳು

ಕಿವಿರು ಪೇಲವವಾಗಿದ್ದರೆ ಕಬ್ಬಿಣದ ಅನುಮಾನ ಬರುವುದು ಸರಿ, ಆದರೆ ಮೊದಲು ರಕ್ತ ಹೀರುವ ಹೇನು, ಜಿಗಣೆ ನೋಡಿ. ಆಮೇಲೆ ಹತ್ತಿಕಾಳು ಹಿಂಡಿಯ ಪಾಲು ಕೇಳಿ. ಹತ್ತಿಕಾಳಿನಲ್ಲಿರುವ ಗಾಸಿಪಾಲ್ ಎಂಬ ವಿಷವಸ್ತು ಕಬ್ಬಿಣವನ್ನು ಕಟ್ಟಿಹಾಕುತ್ತದೆ. ಹಿಂಡಿ ಕಡಿಮೆ ಮಾಡುವುದು ಕಬ್ಬಿಣ ಹಾಕುವುದಕ್ಕಿಂತ ಒಳ್ಳೆಯದು, ಏಕೆಂದರೆ ಹೆಚ್ಚುವರಿ ಕಬ್ಬಿಣ ತೌಡಿನ ಎಣ್ಣೆಯನ್ನು ಬೇಗ ಕಮಟು ಮಾಡುತ್ತದೆ. ಮ್ಯಾಂಗನೀಸ್, ಮೆಗ್ನೀಸಿಯಂ ತೌಡಿನಲ್ಲಿ ಧಾರಾಳವಾಗಿವೆ. ತೌಡು ತಿನ್ನುವ ಮೀನಿನಲ್ಲಿ ಇವುಗಳ ಕೊರತೆ ಹುಡುಕುವುದು ವ್ಯರ್ಥ. ಸೆಲೆನಿಯಂ ಕಿಲೋ ಮೇವಿಗೆ ಕಾಲು ಮಿಲಿಗ್ರಾಂನಷ್ಟು ಸಾಕಾಗುವ, ಹೆಚ್ಚಾದರೆ ವಿಷವಾಗುವ ವಸ್ತು. ಬಿಡಿಯಾಗಿ ಕೊಳ್ಳಲೇಬೇಡಿ.

ಕರಾವಳಿ ಆಂಧ್ರದ ಸಿಗಡಿ ಕೊಳಗಳಿಂದ ಬಂದ, ನೀರಿಗೆ ಸುರಿಯುವ ಖನಿಜದ ಚೀಲಗಳೂ ಈಗ ಇಲ್ಲಿ ಸಿಗುತ್ತವೆ. ಉಪ್ಪಿನಂಶ ಕಡಿಮೆಯಿರುವ ನೀರಿನಲ್ಲಿ ಸಿಗಡಿಗೆ ಪೊಟ್ಯಾಸಿಯಂ, ಮೆಗ್ನೀಸಿಯಂ ಬೇಕಾಗುವುದು ನಿಜ. ಸಿಹಿನೀರಿನ ಗೆಂಡೆಗೆ ಅದರ ಅಗತ್ಯವಿಲ್ಲ.

ಬೆನ್ನು ಸೊಟ್ಟಗಾಗಿದ್ದರೆ

ಇದಕ್ಕೆ ರಂಜಕವೊಂದೇ ಕಾರಣವಲ್ಲ. ಸಿ ಜೀವಸತ್ವದ ಕೊರತೆಯಲ್ಲೂ ಬೆನ್ನೆಲುಬು ಬಾಗುತ್ತದೆ, ಕಿವಿರು ಮುಚ್ಚಳ ಗಿಡ್ಡವಾಗುತ್ತದೆ. ತಗಡಿನ ಶೆಡ್ಡಿನಲ್ಲಿ ಏಪ್ರಿಲ್–ಮೇ ಕಳೆದ ಮೇವಿನಲ್ಲಿ ಆ ಜೀವಸತ್ವ ಉಳಿದಿರುತ್ತದೆಂದು ನಂಬಬೇಡಿ. ಭತ್ತದ ಗದ್ದೆಯಿಂದ ಬಸಿದು ಬರುವ ಆರ್ಗನೋಫಾಸ್ಫೇಟ್ ಕೀಟನಾಶಕವೂ ಬೆನ್ನು ಬಾಗಿಸಬಲ್ಲದು. ಮರಿ ಬಿಟ್ಟ ದಿನದಿಂದಲೇ ಸೊಟ್ಟಗಿದ್ದರೆ ಮರಿ ತಂದ ಕಡೆಯ ದೋಷ. ಸಿಂಪಡಣೆಯಾದ ವಾರಗಳಲ್ಲಿ ಥಟ್ಟನೆ ಹಲವು ಮೀನುಗಳಲ್ಲಿ ಕಂಡರೆ ಔಷಧಿ. ತಿಂಗಳುಗಳ ಉದ್ದಕ್ಕೂ ನಿಧಾನವಾಗಿ, ಕೊಬ್ಬು ಮತ್ತು ಮೆತ್ತನೆ ಮೂಳೆಯ ಜೊತೆಗೆ ಬಂದರೆ ರಂಜಕ. ಯಾವುದೇ ಆಗಲಿ, ಒಮ್ಮೆ ಬಾಗಿದ ಬೆನ್ನು ನೆಟ್ಟಗಾಗುವುದಿಲ್ಲ. ಅಂಥ ಮೀನನ್ನು ಆರಿಸಿ ಮಾರಿಬಿಡಿ.

ಖಚಿತಪಡಿಸಿಕೊಳ್ಳುವುದು

ಪ್ರಯೋಗಾಲಯ ಕೈಗೆಟುಕುವಂತಿದ್ದರೆ ಮೂಳೆಯ ಬೂದಿ ಪರೀಕ್ಷೆ ಕೇಳಿ: ಕೊಬ್ಬು ತೆಗೆದು ಒಣಗಿಸಿದ ಬೆನ್ನೆಲುಬನ್ನು 550–600 ಡಿಗ್ರಿಯಲ್ಲಿ ಸುಟ್ಟು ಬೂದಿಯ ಪ್ರಮಾಣ ತೂಗುತ್ತಾರೆ. ಇದಕ್ಕೂ ಕೆರೆ ಮೀನಿನ ಮಾದರಿಯನ್ನು ಜೊತೆಗೆ ಕಳುಹಿಸಿ.

ಇಲ್ಲವಾದರೆ ಹೊಂಡದಲ್ಲೇ ಪರೀಕ್ಷೆ ಮಾಡಬಹುದು. ಒಂದೇ ಅಳತೆಯ ಎರಡು ಬಲೆಗೂಡುಗಳನ್ನು ಅಕ್ಕಪಕ್ಕದಲ್ಲಿ ಕಟ್ಟಿ, ಒಂದೇ ತೂಕದ ರೋಹುಗಳನ್ನು ಸಮನಾಗಿ ಬಿಡಿ. ಮುದ್ದೆ ಮೇವು ಎರಡಕ್ಕೂ ಒಂದೇ, ಒಂದಕ್ಕೆ ಮಾತ್ರ ಎಂಸಿಪಿ. ಇನ್ನಾವ ಬದಲಾವಣೆಯನ್ನೂ ಆ ಅವಧಿಯಲ್ಲಿ ಮಾಡಬೇಡಿ. ಮೇವಿನ ಚೀಲ, ಹಿಂಡಿಯ ಗಿರಾಣಿ, ಸತು, ಎಲ್ಲವೂ ಇದ್ದಂತೆಯೇ ಇರಲಿ. ಆರು ವಾರಗಳ ನಂತರ ತೂಕ, ಉದ್ದ, ಹೊಟ್ಟೆಯ ಕೊಬ್ಬು ಮೂರನ್ನೂ ಹೋಲಿಸಿ. ಎಂಸಿಪಿ ಗೂಡಿನ ಮೀನು ಉದ್ದದಲ್ಲಿ ಮುಂದಿದ್ದು ಕೊಬ್ಬಿನಲ್ಲಿ ಹಿಂದಿದ್ದರೆ ಇಡೀ ಹೊಂಡಕ್ಕೆ ಅದೇ ಅಳತೆ ಹಾಕಿ; ಮೂಳೆ ಗಟ್ಟಿಯಾಗಲು ಇನ್ನೂ ಹೆಚ್ಚು ಕಾಲ ಬೇಕು, ಅದಕ್ಕಾಗಿ ಕಾಯಬೇಡಿ. ತೂಕ ಮಾತ್ರ ಹೆಚ್ಚಿ ಕೊಬ್ಬು ಇಳಿಯದಿದ್ದರೆ ರಂಜಕದ ಜೊತೆಗೆ ಪ್ರೋಟೀನ್ ಕೊರತೆಯೂ ಇದೆ, ಹಿಂಡಿಯ ಪಾಲು ಏರಿಸಿ ಇನ್ನೊಮ್ಮೆ ನೋಡಬೇಕು. ಎರಡು ಗೂಡುಗಳ ನಡುವೆ ವ್ಯತ್ಯಾಸವೇ ಕಾಣದಿದ್ದರೆ ಖನಿಜದ ವಿಚಾರ ಅಲ್ಲಿಗೆ ಬಿಟ್ಟು, ಮೇವಿನ ಪ್ರೋಟೀನ್ ಪ್ರಮಾಣವನ್ನೂ ಎಕರೆಗೆ ಬಿಟ್ಟ ಮರಿಗಳ ಲೆಕ್ಕವನ್ನೂ ತೆರೆದು ಕುಳಿತುಕೊಳ್ಳಿ.